ಬಾಯಿ ಬಿಟ್ಟ ಗಂಡ

ದರ್ಜಿಯಮ್ಮನಿಗೆ ಗಂಡನ ಪ್ಯಾಂಟೇ ಚಾಡಿ ಹೇಳಿತು. ಊರವರ ಪ್ಯಾಂಟಿನ ಸೊಂಟವನ್ನೆಲ್ಲ ಸಡಿಲಿಸುವವಳು, ಇವನದನ್ನು ಮಾತ್ರ ಎರಡು ಸಲ ಹಿಡಿದು ಹೊಲಿದಿದ್ದಳು. ಡೊಳ್ಳುಹೊಟ್ಟೆಯ ಬಸ್ ಡ್ರೈವರು ಹೀಗೆ ಕಡ್ಡಿಯಾಗುತ್ತಿರುವುದು ಯಾರಿಗಾಗಿ? ಊಟ ಅರ್ಧಕ್ಕೇ ಬಿಡುತ್ತಾನೆ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾನೆ, ಹತ್ತಿರ ಬಂದರೆ ಲವಂಗ ಘಮಘಮ! ಹಲ್ಲು ಕಚ್ಚಿ ಸಹಿಸಿದವಳು ಕೊನೆಗೆ ಕತ್ತರಿ ಹಿಡಿದೇ ಎದುರು ನಿಂತಳು.

"ಯಾರವಳು? ಈಗ ಬಾಯಿ ಬಿಡ್ತೀರೋ ಇಲ್ವೋ?"

ಅವನು ಬೆದರಿ, ನಿಜವಾಗಿಯೂ ಬಾಯಿ ಬಿಟ್ಟ. ಒಸಡು ಕೆಂಪಗೆ ಊದಿತ್ತು. ಎರಡೂ ಕಡೆಯ ದವಡೆಹಲ್ಲುಗಳು ಹುಳುಕಾಗಿದ್ದವು.

"ಅಗಿಯೋಕಾಗಲ್ಲ ಕಣೇ. ಕೀಳಿಸ್ಕೊಳ್ಳೋಕೆ ಭಯ."

ದರ್ಜಿಯಮ್ಮ ಕತ್ತರಿ ಕೆಳಗಿಟ್ಟು ಚಪ್ಪಲಿ ಮೆಟ್ಟಿದಳು. "ನಡೀರಿ, ಹಲ್ಲಿನ ಡಾಕ್ಟರ ಹತ್ರ."

ಬಾಗಿಲಲ್ಲಿ ತಿರುಗಿ ನಿಂತಳು. "ಅಂದ ಹಾಗೆ, ಆ ಡಾಕ್ಟರು ಗಂಡಸು ತಾನೇ?"