ಮುಚ್ಚಳ ತೆಗೆಯದ ಡಬ್ಬಿ

ಇದನ್ನು ಬರೆಯಬೇಕೆಂದುಕೊಂಡು ಮುಂದೂಡುತ್ತಲೇ ಬಂದೆ. ಆ ಮನುಷ್ಯ ಬದುಕಿದ್ದಾಗ, ಇದ್ದವರ ವಿಷಯ ಬೇಡ ಅಂದುಕೊಂಡೆ. ತೀರಿಕೊಂಡ ಮೇಲೆ, ಹೋದವರ ವಿಷಯ ಯಾಕೆ ಅಂದುಕೊಂಡೆ. ಈಗ ನೆಪಗಳೆಲ್ಲ ಮುಗಿದಿವೆ.

ನಾನು ಮೈಸೂರು ಕಡೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಓದಿದ್ದು ಎಸ್ಸೆಸ್ಸೆಲ್ಸಿ. ಕೆಲಸ ಕಲಿಸಿದ್ದು ಅನುಮಾನ. ಟಿಕೆಟ್ ತೆಗೆಸದವನು ಯಾವಾಗಲೂ ಕಿಟಕಿಯಾಚೆ ನೋಡುತ್ತಾ ಕೂತಿರುತ್ತಾನೆ. ನಿವೃತ್ತಿಯಾಗಿ ಪರದೇಶದ ಹ್ಯಾಮಿಲ್ಟನ್ ಊರಿನ ರೊಟೊಟೂನ ಬಡಾವಣೆಯಲ್ಲಿ ಮಗಳ ಮನೆಗೆ ಬಂದು ನೆಲೆಸಿದರೂ ಆ ಕಣ್ಣು ನನ್ನನ್ನು ಬಿಡಲಿಲ್ಲ.

ಅಲ್ಲಿ ಗುರುವಾರ ಬೆಳಿಗ್ಗೆ ಭಾರತದ ಮೂಲದ ಹಿರಿಯರೆಲ್ಲ ಒಂದು ಹಾಲ್‌ನಲ್ಲಿ ಸೇರುತ್ತಿದ್ದೆವು. ಗಂಡಸರಿಗೆ ಇಸ್ಪೀಟು, ಹೆಂಗಸರಿಗೆ ಭಜನೆ. ಒಂದು ಗುರುವಾರ ಹೊಸ ದಂಪತಿ ಬಂದರು. ಅಜ್ಜಂದಿರ ಕಾಲದಲ್ಲೇ ಭಾರತ ಬಿಟ್ಟು ಒಂದು ಪುಟ್ಟ ದ್ವೀಪ ದೇಶಕ್ಕೆ ಹೋಗಿದ್ದವರ ಪೈಕಿ. ಆತ ಅಲ್ಲಿ ದೊಡ್ಡ ಜಡ್ಜ್ ಆಗಿದ್ದರಂತೆ. ದೇಶದ ಮುಖ್ಯಸ್ಥರು ಅಧಿಕಾರದಲ್ಲಿದ್ದಾಗಲೇ ತೀರಿಹೋಗಿ, ಹೊಸಬರು ಆಯ್ಕೆಯಾಗುವ ತನಕ ಕೆಲವು ವಾರ ಇವರೇ ದೇಶ ನಡೆಸಿದ್ದರಂತೆ. ಇದು ಅವರಿವರು ಹೇಳಿದ್ದು. ಅವರನ್ನೇ ಕೇಳಿದರೆ ಸಣ್ಣಗೆ ನಕ್ಕು ಕಿಟಕಿಯ ಕಡೆ ನೋಡುತ್ತಿದ್ದರು.

ನನಗೆ ಅಷ್ಟು ಸಾಕಾಯಿತು. ದೇಶ ಆಳಿದವನು ಇಲ್ಲಿ ಕೈಚೀಲ ಹಿಡಿದು ಬಸ್ಸಿಗೆ ಯಾಕೆ ಕಾಯುತ್ತಾನೆ? ಎಲ್ಲೋ ಏನೋ ಮುಚ್ಚಿಟ್ಟಿದ್ದಾನೆ.

ಅಷ್ಟರಲ್ಲಿ ನಮ್ಮ ಕೂಟದ ಅಧ್ಯಕ್ಷರು ಮಗನ ಜೊತೆ ಆಸ್ಟ್ರೇಲಿಯಾಕ್ಕೆ ಹೊರಟರು. ಆ ಜಾಗಕ್ಕೆ ನಾನೂ ಒಬ್ಬ ಪಂಜಾಬಿ ಮೇಷ್ಟ್ರೂ ನಿಂತೆವು. ಚುನಾವಣೆ ಮುಗಿಯುವ ತನಕ ಕೂಟ ನೋಡಿಕೊಳ್ಳಲು ಎಲ್ಲರೂ ಸೇರಿ ಜಡ್ಜ್ ಅವರನ್ನು ಕೂರಿಸಿದರು. ಆ ವಾರವೇ ನಾನು ಅವರ ಮನೆಗೆ ಒಂದು ಡಬ್ಬಿ ಚಕ್ಕುಲಿ ಕೊಟ್ಟು ಬಂದೆ. ದೀಪಾವಳಿಯದು ಅಂದೆ. ಹಬ್ಬ ಮುಗಿದು ವಾರವಾಗಿತ್ತು. ಬೇರೆ ಯಾರ ಮನೆಗೂ ನಾನು ಡಬ್ಬಿ ಹೊತ್ತಿರಲಿಲ್ಲ.

ಮರುದಿನ ಅವರ ಹೆಂಡತಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮುಚ್ಚಳ ತೆಗೆದೇ ಇರಲಿಲ್ಲ.

"ಭಾಯಿಸಾಬ್, ಬೇಜಾರು ಮಾಡ್ಕೋಬೇಡಿ," ಅಂದರು ತಮ್ಮ ದ್ವೀಪದ ಹಿಂದಿಯಲ್ಲಿ. "ಚುನಾವಣೆ ಮುಗೀಲಿ, ನಾನೇ ಬಂದು ಕೇಳಿ ತಿಂತೀನಿ."

ಅವರು ಅತ್ತ ಹೋದ ಮೇಲೆ ನನ್ನ ಹೆಂಡತಿ ಅಂದಳು, "ಖಾಲಿ ಡಬ್ಬಿ ಕೊಟ್ಟಿದ್ರೆ, ಒಂದು ಚಿಟಿಕೆ ಸಕ್ಕರೆ ಹಾಕೋ ಪದ್ಧತಿ ಗೊತ್ತಿಲ್ಲ ಅನ್ನಬೋದಿತ್ತು. ತುಂಬಿದ್ದನ್ನೇ ತಂದುಬಿಟ್ರಲ್ರೀ."

ಹಬ್ಬದ ತಿಂಡಿ ತಿರುಗಿ ಬಂತೆಂದರೆ ನಮ್ಮಲ್ಲಿ ಮನೆಗೇ ಅವಮಾನ. ಅದೂ ಒಂದು ನೆಪವೇ. ನನ್ನ ಚಕ್ಕುಲಿಯ ಒಳಗುಟ್ಟು ಅವರಿಗೆ ತಿಳಿದುಬಿಟ್ಟಿತಲ್ಲ ಎಂಬುದೇ ನನ್ನನ್ನು ಹೆಚ್ಚು ಸುಟ್ಟಿತು.

ಮುಂದಿನ ಗುರುವಾರ ಇಸ್ಪೀಟು ಹಂಚುತ್ತಾ ಶುರು ಮಾಡಿದೆ. "ಕುರ್ಚಿ ರುಚಿ ಕಂಡೋರು ಬಿಡ್ತಾರಾ? ಜಡ್ಜು ಆ ದೇಶ ಬಿಟ್ಟು ಬಂದಿದ್ದಲ್ಲ ಸ್ವಾಮಿ, ಓಡಿ ಬಂದಿರಬೇಕು."

ಎದುರಿಗಿದ್ದ ಧಾರವಾಡದ ಗೆಳೆಯ ನಕ್ಕ. "ಹಂಗಾರ ನಮ್ಮ ಪ್ಲಾಸ್ಟಿಕ್ ಕುರ್ಚಿನೂ ಹೊತ್ಕೊಂಡು ಓಡ್ತಾರೇನು?"

"ನಗಬೇಡಿ. ಮುಖ ನೋಡಿ ಟಿಕೆಟ್ ಇದೆಯೋ ಇಲ್ಲವೋ ಹೇಳ್ತಿದ್ದೋನು ನಾನು."

ನಗುತ್ತಲೇ ಆ ಮಾತು ಹೆಂಗಸರ ಕಡೆಗೂ ಹೋಯಿತು. ಭಜನೆಯಲ್ಲಿ ಜಡ್ಜ್ ಹೆಂಡತಿಯ ಪಕ್ಕದ ಜಾಗ ಖಾಲಿ ಬೀಳತೊಡಗಿತು. ನಾನು ನೋಡಿದೆ. ಇಸ್ಪೀಟು ಹಂಚುತ್ತಲೇ ಇದ್ದೆ.

ಚುನಾವಣೆ ದಿನ ಜಡ್ಜ್ ಎಲ್ಲರ ಮುಂದೆ ಚೀಟಿ ಬಿಡಿಸಿ ಓದಿದರು. ಗೆದ್ದವನು ನಾನು. ಹಾಲ್‌ನ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, ಕೈ ಮುಗಿದು, ಹೆಂಡತಿಯನ್ನು ಕರೆದುಕೊಂಡು ಬಸ್ ಸ್ಟಾಪಿಗೆ ನಡೆದರು. ಮತ್ತೆ ಬರಲಿಲ್ಲ. ಕುರ್ಚಿ ಬಿಡುವುದನ್ನು ಕಣ್ಣಾರೆ ಕಂಡರೂ, ಇದರಲ್ಲಿ ಏನು ಮಸಲತ್ತಿದೆಯೋ ಎಂದು ಹುಡುಕುತ್ತಿದ್ದೆ.

ಕೆಲವು ತಿಂಗಳಾದ ಮೇಲೆ ತರಕಾರಿ ಅಂಗಡಿಯಲ್ಲಿ ಆಕೆ ನನ್ನವಳಿಗೆ ಸಿಕ್ಕರಂತೆ. ಮನೆಗೆ ಬಂದು ಚೀಲ ಕೆಳಗಿಡದೆಯೇ ಹೇಳಿದಳು.

"ಗಂಡ ದೇಶ ನೋಡ್ಕೊಂಡ ಆ ವಾರಗಳಲ್ಲಿ ಮನೆಗೆ ಕಾಣಿಕೆ ಅಂತ ಬಂದ ಬುಟ್ಟಿ, ತಟ್ಟೆ ಎಲ್ಲಾನೂ ಇವರೇ ಹೊತ್ತು ಮನೆಮನೆಗೆ ವಾಪಸ್ ಕೊಟ್ರಂತೆ. ಜಡ್ಜ್ ಮತ್ತೆ ಕೋರ್ಟಿಗೆ ಹೋದ್ರು. ಆದ್ರೆ ಅಕ್ಕಪಕ್ಕದ ಹೆಂಗಸರು ಇವರನ್ನ ಮತ್ತೆ ಮಾತಾಡಿಸ್ಲೇ ಇಲ್ವಂತೆ. ಎಷ್ಟೋ ವರ್ಷದ ಮೇಲೆ ಸಿಕ್ಕ ಜೊತೆ ಅಂದ್ರೆ ನಮ್ಮ ಗುರುವಾರದ ಭಜನೆ ಅಂತೆ."

"ಅಂತೆಕಂತೆ ಎಲ್ಲ ನಂಬಬೇಡ," ಅಂದೆ. ಅವಳು ಅಡಿಗೆಮನೆಗೆ ಹೋದಳು. ಅಧ್ಯಕ್ಷ ನಾನೇ, ಹಾಲ್‌ನ ಕೀಲಿ ನನ್ನ ಜೇಬಿನಲ್ಲೇ ಇತ್ತು. ಭಜನೆಗೆ ಬನ್ನಿ ಎಂದು ಆಕೆಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಆಮೇಲೆ ಆ ದಂಪತಿ ತಕಾನಿನಿ ಎಂಬ ಬೇರೆ ಊರಿನಲ್ಲಿದ್ದ ಮಗನ ಮನೆಗೆ ಹೋದರು. ಜಡ್ಜ್ ಅಲ್ಲೇ ತೀರಿಕೊಂಡರು. ನನ್ನನ್ನು ಅಳಿಯ ಕಾರಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದ. ಹೂವಿನ ನಡುವಿನ ಫೋಟೋಗೆ ಕೈ ಮುಗಿದು, ಮನಸ್ಸಿನಲ್ಲೇ ತಪ್ಪಾಯಿತು ಅಂದೆ. ಸತ್ತವರ ಕ್ಷಮೆ ಕೇಳುವುದು ಸುಲಭ.

ಮೂಲೆಯ ಸೋಫಾದಲ್ಲಿ ಆಕೆ ಒಬ್ಬರೇ ಕೂತಿದ್ದರು. ನನ್ನನ್ನು ಗುರುತು ಹಿಡಿದರು.

"ದೀದಿ ಹೇಗಿದ್ದಾರೆ? ಈಗಲೂ ಚಕ್ಕುಲಿ ಮಾಡ್ತಾರಾ?"

"ಮಾಡ್ತಾಳೆ," ಅಂದು ನಾನು ಕಿಟಕಿಯಾಚೆ ನೋಡಿದೆ.

ಇಷ್ಟು ಬರೆದರೂ ಜಡ್ಜ್ ಅವರ ಮಾತೇ ಹೆಚ್ಚಾಯಿತು. ನಾನು ಕ್ಷಮೆ ಕೇಳಬೇಕಿದ್ದದ್ದು ಆ ಸೋಫಾದಲ್ಲಿ ಕೂತಿದ್ದವರನ್ನು, ಜಡ್ಜ್ ಅವರ ಹೆಂಡತಿಯನ್ನು; ಕೇಳದೆ ಎದ್ದು ಬಂದೆ.