ಮೈಕಿನ ಮುಂದೆ ಹೇಳಿದ ಸುಳ್ಳು

ಬಷೀರ್ ಚಾಚಾ, ನಾನು ನಿಮ್ಮನ್ನು ಕೂಲಿಯವರು ಎಂದೆ. ಬಾಯಿತಪ್ಪಿ ಬಂದ ಮಾತಲ್ಲ ಅದು — ಮೈಕಿನ ಮುಂದೆ ನಿಂತು, ಯೋಚಿಸಿಯೇ ಹೇಳಿದ್ದು.

ಮಧುಗಿರಿಯ ನಮ್ಮ ಹುಣಸೆಹಣ್ಣಿನ ಮಂಡಿಯನ್ನು ಅಪ್ಪ ಮತ್ತು ನೀವು ಸೇರಿ ಶುರು ಮಾಡಿದ್ದು. ಪತ್ರ ಗಿತ್ರ ಏನೂ ಇರಲಿಲ್ಲ, ಬಾಯಿಮಾತಿನ ಪಾಲುಗಾರಿಕೆ. ಪಾವಗಡದ ಕಡೆಯಿಂದ ಹಣ್ಣು ತಂದವರ ಜೊತೆ ಟವೆಲ್ಲಿನಡಿ ಬೆರಳು ಹಿಡಿದು ರೇಟು ಕುದುರಿಸುತ್ತಿದ್ದವರು ನೀವೇ. ಅಪ್ಪ ಹೋದ ಮೇಲೆ ನನಗೂ ಕಲಿಸಿದಿರಿ. “ಲೇ ಮಗಾ, ಬೆರಳು ಏನಾದ್ರೂ ಹೇಳ್ಲಿ, ಮುಖ ಏನೂ ಹೇಳ್ಬಾರ್ದು ಕಣ್ಲಾ” ಎನ್ನುತ್ತಿದ್ದಿರಿ. ದರಿದ್ರ ನನ್ನದು, ಆ ವಿದ್ಯೆ ರಾಜಕೀಯದಲ್ಲೂ ಚೆನ್ನಾಗಿಯೇ ಕೆಲಸಕ್ಕೆ ಬಂತು.

ಎಲ್ಲರೂ ಒಂದೇ ಎಂದು ಊರೂರಲ್ಲಿ ಭಾಷಣ ಬಿಗಿಯುತ್ತಿದ್ದವನು ನಾನು. ಪೇಪರಿನವರು ಉದಾರವಾದಿ ಎಂದು ಬರೆದಾಗ ಹಿಗ್ಗಿ ಹೀರೇಕಾಯಿಯಾಗಿದ್ದೆ. ಅದು ನನ್ನ ಮೊದಲ ಜಿಲ್ಲಾ ಪಂಚಾಯ್ತಿ ಚುನಾವಣೆ. ಕೊರಟಗೆರೆ ರಸ್ತೆಯ ಹಳ್ಳಿಯೊಂದರ ಸಭೆಯಲ್ಲಿ ಯಾರೋ ಕೂಗಿದ: “ನಿಮ್ ಮಂಡಿ ಯಜಮಾನ್ರು ಸಾಬ್ರಂತಲ್ಲಾ, ಹೌದೇನ್ರೀ?” ಜನ ನಕ್ಕರು. ಹೌದು ಎಂದಿದ್ದರೆ ಸಾಕಿತ್ತು — ಎರಡೇ ಅಕ್ಷರ. ಓಟು ಕೈತಪ್ಪುತ್ತದೆ ಎಂದು ಹೆದರಿದೆ.

“ಅವ್ರು ನಮ್ಮತ್ರ ಕೂಲಿಗೆ ಬರೋರು ಕಣಪ್ಪ, ಅಷ್ಟೇಯ” ಅಂದೆ.

ನೀವು ವೇದಿಕೆಯ ಪಕ್ಕದಲ್ಲೇ ನಿಂತಿದ್ದಿರಿ. ನನಗೆ ಹಾಕಲೆಂದು ತಂದಿದ್ದ ಹಾರ ಇನ್ನೂ ನಿಮ್ಮ ಕೈಯಲ್ಲೇ ಇತ್ತು.

ದಿನಾ ಶಿರಾದ ಬಸ್ಸಿನಲ್ಲಿ ಮಂಡಿಗೆ ಬರುತ್ತಿದ್ದವರು ನೀವು, ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಗೆದ್ದ ಮೇಲೆ ಸ್ವೀಟ್ ಬಾಕ್ಸ್ ಹಿಡಿದು ನಿಮ್ಮ ಮನೆಗೆ ಬಂದೆ, ನಾಚಿಕೆಗೆಟ್ಟವನು. ಬೈಯುತ್ತೀರಿ ಅಂದುಕೊಂಡಿದ್ದೆ. “ಬನ್ನಿ ಸಾಹೇಬ್ರೆ, ಕುತ್ಕೊಳ್ಳಿ” ಎಂದು ಕುರ್ಚಿ ಒರೆಸಿದಿರಿ. ಹುಟ್ಟಿದಾಗಿನಿಂದ ಲೇ ಎಂದೇ ಕರೆದವರು! ಆ ಮರ್ಯಾದೆ ನನ್ನನ್ನು ಸುಟ್ಟುಬಿಟ್ಟಿತು. ಪಾಲಿನ ಮಾತನ್ನು ನೀವು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಳಗೊಳಗೆ ನನಗೆ — ಹೇಳಲು ನಾಲಿಗೆ ಬರುತ್ತಿಲ್ಲ — ಪತ್ರವಿಲ್ಲವಲ್ಲ ಎಂದು ಸಮಾಧಾನವೇ ಆಗಿತ್ತು.

ಇದೆಲ್ಲ ಆಗಿ ಎಷ್ಟೋ ವರ್ಷವಾಯಿತು. ನಾಳೆ ಅದೇ ಹಳ್ಳಿಯವರು ಮಾತಾಡಲು ಕರೆದಿದ್ದಾರೆ. ಮಂಡಿಯ ಅರ್ಧ ನಿಮ್ಮದು, ಅಂದು ನಾನು ಹೇಳಿದ್ದು ಸುಳ್ಳು ಎಂದು ಅವರೆದುರೇ ಹೇಳುತ್ತೇನೆ. ನೀವು ಬರಬೇಕಿಲ್ಲ. ಕ್ಷಮಿಸಿ ಎಂದು ಕೇಳುವ ಮುಖವೂ ನನಗಿಲ್ಲ. ಆದರೆ ಇನ್ನೊಂದನ್ನು ಮುಚ್ಚಿಟ್ಟರೆ ಇದೂ ನನ್ನ ಭಾಷಣಗಳಲ್ಲಿ ಒಂದಾಗಿಬಿಡುತ್ತದೆ — ಈ ಸಲ ನನಗೆ ಟಿಕೆಟ್ ಸಿಗಲಿಲ್ಲ, ಚಾಚಾ. ಧೈರ್ಯ ಬಂದದ್ದು ಆಮೇಲೆ.