ಕರಡಿಗೆಯೊಳಗಿನ ಅಫೀಮು

ನಾನು ಮೊದಲಿನಿಂದಲೂ ಸಂಶಯದ ಪಿಶಾಚಿ. ಹಾಲಿನವ ನಕ್ಕರೆ ಇವತ್ತು ನೀರು ಜಾಸ್ತಿ ಸುರಿದಿದ್ದಾನೆ ಅನ್ನುವವಳು. ಅಂಥವಳು ಮದುವೆಯಾದ ಹೊಸತರಲ್ಲಿ ಹಳಿಯಾಳದ ಟೆಂಟಿನಲ್ಲಿ ಆ ಸಿನಿಮಾ ನೋಡಬಾರದಿತ್ತು. ದೊಡ್ಡ ಪಟ್ಟಣದಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ, ಇಬ್ಬರಿಗೂ ಪ್ರೀತಿ. ಆಮೇಲೆ ಅವನಿಗೆ ಅಫೀಮಿನ ಚಟ. ಊಟ ಬಿಡುತ್ತಾನೆ, ಕಣ್ಣು ಕೆಂಪಾಗುತ್ತವೆ. ಅವಳು ಪ್ರೀತಿಯಿಂದ ಕೊಟ್ಟ ಪದಕದೊಳಗೇ ಅಫೀಮು ಬಚ್ಚಿಡುತ್ತಾನೆ. ಅಕ್ಕಪಕ್ಕದ ಹೆಂಗಸರೆಲ್ಲ ಅತ್ತರು. ನಾನು ಲಕ್ಷಣಗಳನ್ನು ಬಾಯಿಪಾಠ ಮಾಡಿಕೊಂಡೆ.

ನನ್ನ ಗಂಡ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕಾರಕೂನ. ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಆ ಶನಿವಾರ ಬಂದಾಗ ಕಣ್ಣು ಕೆಂಪಗಿದ್ದವು. ತಾಟಿನ ಮುಂದೆ ಕೂತವರು ಹಾಗೇ ಎದ್ದರು.

"ಯಾಕ್ರೀ, ರೊಟ್ಟಿ ಬ್ಯಾಡೇನು?"

"ಹಸಿವಿಲ್ಲ."

ಊರಿಗೆ ಬಂದಾಗಲೆಲ್ಲ ಪಡಸಾಲೆಯಲ್ಲಿ ಎಲ್ಲರೆದುರು ಲಿಂಗಪೂಜೆಗೆ ಕೂಡುತ್ತಿದ್ದವರು ಈ ಸಲ ಕೋಣೆಯ ಬಾಗಿಲು ಹಾಕಿಕೊಂಡರು. ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಮಾತುಮಾತಿಗೂ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನನಗೆ ಸಿನಿಮಾದ ಪದಕ ನೆನಪಾಯಿತು. ಲಿಂಗ ಇರಬೇಕಾದ ಜಾಗದಲ್ಲಿ ಅಫೀಮು! ದೇವರಿಗೇ ಹೆದರದವರು ನನಗೆ ಹೆದರುತ್ತಾರೆಯೇ? ನನ್ನ ಸಂಸಾರ ಮುಗಿಯಿತು ಅಂತ ಒಲೆಯ ಮುಂದೆ ಕೂತು ಅತ್ತೆ.

ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದು. ಗೊತ್ತಿದ್ದೂ, ರವಿವಾರ ಮಧ್ಯಾಹ್ನ ಅವರಿಗೆ ಜೊಂಪು ಹತ್ತಿದಾಗ ಕರಡಿಗೆಯ ಮುಚ್ಚಳ ತೆಗೆದೆ. ಮೂಸಿಯೂ ನೋಡಿದೆ. ಅಫೀಮಿರಲಿಲ್ಲ. ಲಿಂಗವೂ ಇರಲಿಲ್ಲ.

ಅವರಿಗೆ ಎಚ್ಚರವಾಯಿತು. ಬೈಯಲಿಲ್ಲ.

"ಹೊಳಿ ದಂಡಿಮ್ಯಾಲೆ ಪೂಜಿ ಮಾಡೂಮುಂದ ಅಂಗೈಯಿಂದ ಜಾರಿ ಕಾಳಿ ಹೊಳಿಯೊಳಗ ಬಿತ್ತು. ನಾಕು ದಿನ ಇಳಿದು ಹುಡುಕೇನಿ. ಅವತ್ತಿಂದ ತುತ್ತು ಗಂಟಲಾಗ ಇಳಿವಲ್ದು. ಅವ್ವಗ ಹೇಳಬ್ಯಾಡ."

ಲಿಂಗ ಕಳೆದುಕೊಂಡವರು ಬದುಕಿರಬಾರದು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ನಾನೂ ಅದನ್ನು ಕೇಳಿಯೇ ಬೆಳೆದವಳು. ಆ ಗಳಿಗೆಯಲ್ಲಿ ಮಾತ್ರ ಅದು ನೆನಪಿಗೇ ಬರಲಿಲ್ಲ. ಅಫೀಮಲ್ಲವಲ್ಲ, ನನಗೆ ಅಷ್ಟೇ ಸಾಕಾಗಿತ್ತು. ಸಮಾಧಾನಕ್ಕೆ ನಗು ಉಕ್ಕಿ ಬಂತು. ಸೆರಗು ಬಾಯಿಗೊತ್ತಿಕೊಂಡರೂ ತಡೆಯಲಾಗಲಿಲ್ಲ.

"ನಾ ಅಫೀಮು ಅಂತ ತಿಳಿದಿದ್ದೆರೀ!"

ಅವರು ನಗಲಿಲ್ಲ. ಖಾಲಿ ಕರಡಿಗೆಯ ಮುಚ್ಚಳ ಹಾಕಿ, ಗೋಡೆಯ ಕಡೆ ಹೊರಳಿದರು.

"ಕಡೀ ದಿನ ನಾ ಹೊಳಿಗೆ ಇಳಿದದ್ದು ಹುಡುಕಾಕಲ್ಲ," ಅಂದರು. "ಎದಿಮಟ್ಟ ನೀರಾಗ ನಿಂತಾಗ ನಿನ್ನ ನೆನಪಾತು. ತಿರುಗಿ ಬಂದೆ."